ನಾಲ್ಕು ಕೂದಲಿನ ಹಂದಿ

ಏನೋ ಕೇಳಿಸುತ್ತಿಲ್ಲ, ಈ ಪಾನಗೃಹದಲ್ಲಿ ಈಚೆಗೆ ಒಂದು ಸದ್ದು ಕಡಿಮೆಯಾಗಿದೆ, ಪಿಯಾನೋ, ಹೌದು, ಅದರ ಮೋಟುಕಾಲು ಟಕಟಕ ಕುಣಿಯುತ್ತಿಲ್ಲ — ಹಾಳಾಗಿ ಹೋಗಲಿ, ಈಗಿನ ಚಿಂತೆ ಅದಲ್ಲ, ಕೊರ್ಬಿನಿಯನ್ ನನ್ನ ಮುಖ ನೋಡುತ್ತಿಲ್ಲ, ನಾನು ಈ ವೇದಿಕೆಯಲ್ಲಿ ಇದ್ದಿಲು ಹಿಡಿದು ಜನರ ಮುಖ ಬರೆಯಲು ಶುರುಮಾಡಿದ ದಿನದಿಂದ ಪಿಯಾನೋ ನುಡಿಸುತ್ತಿರುವವನು, ಗುರುವಾರದಿಂದ ಕಣ್ಣು ತಪ್ಪಿಸುತ್ತಿದ್ದಾನೆ, ಯಾಕೆ, ಕಳ್ಳನ ಹಾಗೆ ಯಾಕೆ, ಗುರುವಾರ ಆ ಹಾಳು ಬಿಲ್ಲೆ, ಬಿಯರ್ ಲೋಟದಡಿಯ ರಟ್ಟಿನ ಬಿಲ್ಲೆ, ಕುಡಿದ ಲೋಟಕ್ಕೊಂದರಂತೆ ಬಿಯರ್ ತಂದುಕೊಡುವ ಝೆನ್ಸಿ ಅದರ ಅಂಚಿಗೆ ಪೆನ್ಸಿಲ್ ಗೆರೆ ಎಳೆದಿದ್ದಳು, ನಾಲ್ಕು ಗೆರೆ, ನೋಡಿದ್ದೇ ಕೈ ತುರಿಸಿತು, ನಮ್ಮ ಜಿಲ್ಲೆಯ ಪಕ್ಷದ ಮುಖ್ಯಸ್ಥ, ತನ್ನನ್ನು ನೋಡಿ ನಕ್ಕವರನ್ನೂ ಜೈಲಿಗೆ ಕಳಿಸುವವನು, ಬೋಳುತಲೆಗೆ ಅಡ್ಡಡ್ಡ ಬಾಚಿಕೊಳ್ಳುವುದೂ ನಾಲ್ಕೇ ಕೂದಲು, ಕೆಳಗೊಂದು ಹಂದಿಮೂತಿ, ಎರಡು ಕಿವಿ, ಮುಗಿಯಿತು, ಕೊರ್ಬಿನಿಯನ್ ಹೊಟ್ಟೆ ಹಿಡಿದುಕೊಂಡು ನಕ್ಕ, ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು, ಲೋ ಕ್ಸಾವರ್, ಒಂದಿನ ಈ ಕೈಗೆ ಕೋಳ ಬೀಳತ್ತೆ ನೋಡ್ತಿರು, ಅಂದ, ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಬಿಲ್ಲೆ ಮಾಯ, ಝೆನ್ಸಿಯೇ ಬಂದು, ಬಿಲ್ಲೆ ಎಲ್ಲಿ ಸ್ವಾಮಿ, ಎಷ್ಟು ಕುಡಿದ್ರಿ ಅಂತ ನಂಗೇನು ಕನಸು ಬೀಳತ್ತಾ, ಅಂದಳು, ಹಾಗಾದರೆ ಅವಳಲ್ಲ, ಉಳಿದವನು ಇವನೊಬ್ಬನೇ, ಪಿಯಾನೋ ಬಳಿ ಬಗ್ಗಿದ್ದವನು ದಡಬಡ ಎದ್ದು ಮಂಡಿ ಕೊಡವಿಕೊಂಡ, ಏನಿಲ್ಲ ಏನಿಲ್ಲ ಅಂದ, ನಾನು ಏನೂ ಕೇಳಿರಲೇ ಇಲ್ಲ.

ಇವತ್ತು ಬೆಳಿಗ್ಗೆ ಪೊಲೀಸಿನ ಸ್ಟ್ರೋಬ್ಲ್ ನನ್ನೆದುರೇ ಕೂತು ಬಿಳಿ ಸಾಸೇಜಿನ ಸಿಪ್ಪೆ ಸುಲಿಯುತ್ತ, ಯಾವುದೋ ಹಂದಿಚಿತ್ರದ ಸುದ್ದಿ ಕಿವಿಗೆ ಬಿತ್ತಲ್ಲ ಕ್ಸಾವರ್ ಅವರೇ, ಯಾರ ಕೈಚಳಕ, ಅಂದ, ಎಷ್ಟು ನಿಧಾನವಾಗಿ ಸುಲಿಯುತ್ತಿದ್ದ ಪಾಪಿ, ಬಿಲ್ಲೆ ಅವರ ಕೈಗೆ ಕೊಟ್ಟವನು ಕೊರ್ಬಿನಿಯನ್ ಅಲ್ಲದೆ ಇನ್ಯಾರು, ಅವನು ನನ್ನನ್ನು ಪೂರ್ತಿ ಮುಳುಗಿಸುವ ಮೊದಲು ನಾನೇ ಹೇಳಿಬಿಟ್ಟೆ, ನಾನಲ್ಲ, ಕೊರ್ಬಿನಿಯನ್, ಕುಡಿದಾಗ ಅವನೂ ಗೀಚ್ತಾನೆ, ತಪ್ಪೇನು, ಮನೆಯಲ್ಲಿ ಹೆಂಡತಿ ಒಟ್ಟೀಲಿಯಾ ಇದ್ದಾಳೆ, ಮಗು ಇದೆ, ಇವನಿಗೆ ಯಾರಿದ್ದಾರೆ — ಎದುರು ಕೂತ ಗಿರಾಕಿಯ ಮುಖ ಬರಿ, ಮೂಗು ಮೊದಲು ಕ್ಸಾವರ್, ಮೂಗು ಮೊದಲು, ಜನ ಲೋಟ ಕುಟ್ಟುತ್ತಿದ್ದಾರೆ, ಕೋಟು ನೇತುಹಾಕುವಲ್ಲಿ ಸ್ಟ್ರೋಬ್ಲ್ ಮತ್ತು ಇನ್ನೊಬ್ಬ ನಿಂತಿದ್ದಾರೆ, ಇದ್ದಿಲು ಪಟ್ಟನೆ ಮುರಿಯಿತು, ಉರುಳಿ ಪಿಯಾನೋ ಕೆಳಗೆ ಹೋಯಿತು, ಬಗ್ಗಿದೆ, ಮೋಟುಕಾಲಿನ ಅಡಿಯಲ್ಲಿ ರಟ್ಟು, ಅಂಚಿನಲ್ಲಿ ನಾಲ್ಕು ಗೆರೆ, ಒಂದು ಕಿವಿ, ಅಯ್ಯೋ.

ಮೇಲಿನಿಂದ ಪಿಸುದನಿ, ನುಡಿಸುತ್ತಲೇ, ಏಳೋ ಮಾರಾಯ, ಅದು ಅಲ್ಲೇ ಇರ್ಲಿ, ಯಾರಪ್ಪನಿಗೂ ಸಿಗಲ್ಲ, ನನ್ ಮುಖ ಮಾತ್ರ ನೋಡ್ಬೇಡ, ನಿನ್ನ ನೋಡಿದ್ರೆ ನಗು ಬರತ್ತೆ, ಇಬ್ರೂ ಸಿಕ್ಕಿಬೀಳ್ತೀವಿ, ಬೂಟುಗಳು ಹತ್ತಿರ ಬಂದವು, ನನ್ನನ್ನು ದಾಟಿ ಅವನ ಕಡೆಗೆ ಹೋದವು, ಪಿಯಾನೋ ನಿಂತಿತು, ಏಳಬೇಕು, ನಾನು ಬರೆದದ್ದು ಅನ್ನಬೇಕು, ಇಗೋ ಇಲ್ಲೇ ಇದೆ, ನನ್ನದೇ ಕೈ ಅನ್ನಬೇಕು, ಏಳುತ್ತಿಲ್ಲ, ಬಗ್ಗಿದಲ್ಲೇ ಬಿಲ್ಲೆ ನೋಡುತ್ತಿದ್ದೇನೆ, ನಾಲ್ಕು ಗೆರೆ, ಒಂದು ಕಿವಿ, ನಾಲ್ಕು ಗೆರೆ, ಒಂದು ಕಿವಿ