ಅಜ್ಜಿ ಹಿಟ್ಟಿಗೆ ಕಂಬಳಿ ಹೊದಿಸಿದ್ದೇಕೆ?

ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿರುವ ಮಹಂತೇಶ್ ಕೇಂದ್ರ ಸರ್ಕಾರದ ನೌಕರ. ಮೂರನೇ ತರಗತಿಯ ಮಗಳು ಕೃತಿ ಪಟಪಟನೆ ಓದುತ್ತಾಳೆಂದು ಅವನಿಗೆ ಬಲು ಹೆಮ್ಮೆ. ಮನೆಗೆ ಯಾರೇ ಬರಲಿ, ಅವಳಿಂದ ಒಂದು ಪುಟ ಓದಿಸದೆ ಬಿಡುತ್ತಿರಲಿಲ್ಲ. ಅಂಥವಳ ಬಗ್ಗೆ ಶಾಲೆಯ ಟೀಚರ್, ಓದುತ್ತಾಳೆ, ಆದರೆ ಓದಿದ್ದು ಅರ್ಥವಾಗುತ್ತಿಲ್ಲ ಎಂದಾಗ ಅವನಿಗೆ ನಂಬಲಾಗಲಿಲ್ಲ. ಮಗಳಿಗೆ ಗಮನ ಸಾಲದು ಎಂದುಕೊಂಡು ದಿನವೂ ಇನ್ನಷ್ಟು ಓದಿಸಿದ. ಪುಸ್ತಕ ಕಂಡರೆ ಕೃತಿ ಹೊಟ್ಟೆನೋವು ಎನ್ನತೊಡಗಿದಳು. ಒಂದು ಸಂಜೆ ಅಮ್ಮ ಸುಮಿತ್ರಾಳ ಮಡಿಲಲ್ಲಿ ಮುಖ ಹುದುಗಿಸಿ ಕೇಳಿದಳು: "ಅಮ್ಮಾ, ನಾನು ದಡ್ಡೀನಾ?"

ಆ ಮಾತು ಮಹಂತೇಶನ ಕಿವಿಗೂ ಬಿತ್ತು. ಅಂದು ಅವನು ಮಗಳನ್ನು ಓದಲು ಕೂರಿಸಲಿಲ್ಲ.

ಎದುರು ಮನೆಯ ಧಾರಿಣಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸುಮಿತ್ರಾ ಅವರ ಬಳಿ ಹೇಳಿಕೊಂಡಳು. ಭಾನುವಾರ ಅವರು ಒಂದು ಹಿಂದಿ ಕಥೆಪುಸ್ತಕ ಹಿಡಿದು ಬಂದರು. ಅದರ ತುಂಬ ಇಡ್ಲಿ, ಚಟ್ನಿ, ಒಲೆ, ಪಾತ್ರೆಗಳ ಚಿತ್ರ. ಪರೀಕ್ಷೆ ಹತ್ತಿರ ಬಂದಿರುವಾಗ ಊಟತಿಂಡಿಯ ಪುಸ್ತಕದಿಂದ ಏನು ಪ್ರಯೋಜನ ಎಂದು ಮಹಂತೇಶ್ ಕೇಳಿಯೇಬಿಟ್ಟ. ಧಾರಿಣಿ ಬೇಸರಿಸಲಿಲ್ಲ. ಗೊತ್ತಿರುವ ವಿಷಯದಿಂದ ಶುರು ಮಾಡಿದರೆ ಮಕ್ಕಳಿಗೆ ಅರ್ಥ ಬೇಗ ಸಿಗುತ್ತದೆ, ಊಟ ಗೊತ್ತಿಲ್ಲದ ಮಗು ಎಲ್ಲಿದೆ ಎಂದು ನಕ್ಕರು.

ಕೃತಿ ಒಂದೇ ಉಸಿರಿಗೆ ಓದಿದಳು. ಕಥೆಯ ಅಜ್ಜಿ ಇಡ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸಿ ಮಲಗುತ್ತಾಳೆ. ಧಾರಿಣಿ ಅಲ್ಲಿ ತಡೆದು ಕನ್ನಡದಲ್ಲೇ ಕೇಳಿದರು: "ಪುಟ್ಟಿ, ಅಜ್ಜಿ ಪಾತ್ರೆಗೆ ಯಾಕೆ ಕಂಬಳಿ ಹೊದಿಸಿದ್ರು?"

ಕೃತಿ ಅಪ್ಪನ ಮುಖ ನೋಡಿದಳು. ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು. ಬೇಡವೆಂದು ಧಾರಿಣಿ ಕಣ್ಣಲ್ಲೇ ತಡೆದರು. ಸ್ವಲ್ಪ ಹೊತ್ತು ಬಿಟ್ಟು, "ಹೋದ ತಿಂಗಳು ನಿಮ್ಮನೇಲಿ ಇಡ್ಲಿ ಹೇಗಾಗಿತ್ತು?" ಎಂದರು.

"ಪತ್ಥರ್ ಜೈಸಾ, ಕಲ್ಲಿನ ಥರ," ಎಂದು ಕೃತಿ ನಕ್ಕಳು. ಆಮೇಲೆ ತಾನೇ ಹಿಂದಿನ ಪುಟ ತಿರುಗಿಸಿ ಬೆರಳಿಟ್ಟು ನಿಧಾನವಾಗಿ ಓದಿದಳು. ಹೊರಗೆ ಮಂಜು ಕವಿದಿತ್ತು ಎಂದು ಅಲ್ಲಿತ್ತು. "ಅಚ್ಛಾ, ಥಂಡಿ ಇತ್ತು. ಥಂಡೀಲಿ ಹಿಟ್ಟು ಉಬ್ಬಲ್ಲ. ಅದಕ್ಕೇ ಕಂಬಳಿ."

ಕಥೆ ಓದಿ ಮುಗಿಸಿದ ಮೇಲೆ ಪ್ರಶ್ನೆ ಕೇಳುವ ಸರದಿ ಅವಳದಾಯಿತು. "ಪಪ್ಪಾ, ಅಜ್ಜಿ ಮೊದಲ ಇಡ್ಲಿ ಯಾರಿಗೆ ಎತ್ತಿಟ್ಟಳು ಹೇಳು."

ಮಹಂತೇಶ್ ಪುಸ್ತಕವನ್ನು ತನ್ನತ್ತ ಎಳೆದುಕೊಂಡ. ಅಪ್ಪ ಮಗಳು ಅಂಟಿಕೊಂಡು ಕುಳಿತು ಮತ್ತೆ ಮೊದಲಿನಿಂದ ಓದಿದರು. ಒಂದು ಚಿತ್ರದಲ್ಲಿ ಗೇಟಿನ ಬಳಿ ಚೌಕೀದಾರ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ. ಆ ಇಡ್ಲಿ ಅವನಿಗೇ ಎಂದು ಮೊದಲು ಕಂಡುಕೊಂಡವಳು ಕೃತಿಯೇ.

ಈಗ ಅವರ ಮನೆಯಲ್ಲಿ ಪುಟಗಳ ಲೆಕ್ಕವಿಲ್ಲ. ಸ್ವಲ್ಪ ಓದುತ್ತಾರೆ, ಬಹಳ ಮಾತಾಡುತ್ತಾರೆ. ಕೃತಿಯ ಅಂಕಗಳು ಇನ್ನೂ ಅಷ್ಟಕ್ಕಷ್ಟೆ. ಆದರೆ ತರಗತಿಯಲ್ಲಿ ತಾನಾಗಿ ಕೈ ಎತ್ತುತ್ತಾಳೆಂದು ಟೀಚರ್ ಹೇಳಿದ್ದಾರೆ. ಪುಸ್ತಕ ಕಂಡರೆ ಹೊಟ್ಟೆನೋವೂ ಇಲ್ಲ.

ಅಪ್ಪ ಅಮ್ಮಂದಿರೇ, ನಿಮ್ಮ ಮಗು ಎಷ್ಟು ಬೇಗ ಓದಿತು ಎಂದು ನೋಡಬೇಡಿ. ಇಂದು ಒಂದು ಪುಟ ಜೊತೆಯಲ್ಲಿ ಓದಿ. ಪುಸ್ತಕ ಯಾವ ಭಾಷೆಯದೇ ಇರಲಿ, ಮನೆಮಾತಿನಲ್ಲಿ "ಯಾಕೆ?" ಎಂದು ಕೇಳಿ. ಕೇಳಿದ ಮೇಲೆ ದಯವಿಟ್ಟು ಸುಮ್ಮನಿರಿ. ಮಗು ಯೋಚಿಸಲಿ.