ಪಕ್ಕದ ಸೀಟಿನ ತಂತಿ

"ಬಾಗಿಲು ಬಿಚ್ಚೋ ಮುಂಚೆ ಒಂದು ಮಾತು ಕೇಳಬಾರದಿತ್ತೇನೋ? ಎದ್ದು ನೋಡಿದ್ರೆ ಉಗ್ರಾಣ ಬಾಯಿ ಬಿಟ್ಕೊಂಡು ನಿಂತಿದೆ!"

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾರ್ ಶೆಡ್ಡಿನ ಮುಂದೆ ನಿಂತಿದ್ದಳು. ಉಗ್ರಾಣದ ಬಾಗಿಲು ಶೆಡ್ಡಿನೊಳಗೆ ಎರಡು ಸ್ಟೂಲುಗಳ ಮೇಲೆ ಅಂಗಾತ ಮಲಗಿತ್ತು. ಅದರ ಮೈತುಂಬ ಮೊಳೆ.

"ಇಷ್ಟುದ್ದದ ಸಪಾಟು ಹಲಗೆ ಈ ಮನೇಲಿ ಬೇರೆ ಎಲ್ಲಿದೆ ದೊಡ್ಡಮ್ಮ?"

"ಊಟದ ಮೇಜಿದೆಯಲ್ಲ. ಅದಕ್ಕೂ ನಾಕು ಮೊಳೆ ಹೊಡಿ. ತಟ್ಟೆ ತೊಡೆ ಮೇಲಿಟ್ಕೊಂಡು ತಿಂತೀನಿ."

ಬೈಗುಳ ಮುಗಿಸಿ ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಅಲ್ಲೇ ಕೂತಳು. ಬೈದ ಮೇಲೆ ಎದ್ದು ಹೋಗುವ ಅಭ್ಯಾಸ ಅವಳಿಗಿರಲಿಲ್ಲ.

ಬಾಗಿಲು ಬಿಚ್ಚಿದವನನ್ನು ವರ್ಕ್‌ಶಾಪಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಕರೆಂಟು ಎಂದು. ಕಾರಿನ ವೈರಿಂಗ್ ಕೆಲಸವನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಸುಟ್ಟುಕೊಂಡು, ಶಾಕ್ ಹೊಡೆಸಿಕೊಂಡು, ಕೆಟ್ಟದ್ದನ್ನು ಇನ್ನಷ್ಟು ಕೆಡಿಸಿ ತಾನೇ ಕಲಿತದ್ದು. ಹಳೆಯ ಕಾರಾದರೆ ಅವನದೊಂದು ಕ್ರಮವಿತ್ತು. ಮೀನಿನ ಮುಳ್ಳು ಬಿಡಿಸಿದ ಹಾಗೆ ಇಡೀ ಕಾರಿನ ತಂತಿಗಳನ್ನು ಒಂದೇ ಜಡೆಯಾಗಿ ಹೊರಗೆಳೆಯುವುದು, ಹಲಗೆಯ ಮೇಲೆ ಹರವುವುದು, ತಿರುವು ಬಂದಲ್ಲೆಲ್ಲ ಮೊಳೆ ಹೊಡೆಯುವುದು. ಆಮೇಲೆ ಹಳೆಯ ತಂತಿಗಳ ಪಕ್ಕದಲ್ಲೇ ಹೊಸವನ್ನು ಒಂದೊಂದಾಗಿ ಹಾಸಿ, ಮೇಣ ಸವರಿದ ದಾರದಿಂದ ಗೇಣಿಗೊಂದು ಗಂಟು ಹಾಕುವುದು. ಈಗ ದಾರಕ್ಕೆ ಮೇಣ ಸವರುವ ಕೆಲಸ ದೊಡ್ಡಮ್ಮನದು.

ಕಾರು ಕೂಡ ದೊಡ್ಡಮ್ಮನದೇ. ಗುಂಡು ಬೆನ್ನು, ಕಪ್ಪೆಯ ಕಣ್ಣಿನಂಥ ದೀಪಗಳು. ಊರಿನ ಅರ್ಧ ಜನ ಡ್ರೈವಿಂಗ್ ಕಲಿತದ್ದು ಆ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತ ದೊಡ್ಡಮ್ಮನ ಬಾಯಿಗೆ ಬೆದರಿಕೊಂಡು. ಅವಳ ಕಾಲ ಬಳಿಯೂ ಒಂದು ಬ್ರೇಕು ಇದ್ದದ್ದರಿಂದ ಬ್ರೇಕಮ್ಮ ಎಂಬ ಹೆಸರು ಬಿದ್ದಿತ್ತು. ಮಂಡಿ ಸೋತ ಮೇಲೆ ಅವಳ ಡ್ರೈವಿಂಗ್ ಸ್ಕೂಲು ನಿಂತಿತು, ಕಾರು ಶೆಡ್ ಸೇರಿತು, ತಂತಿಗಳ ಬಟ್ಟೆಯ ಹೊದಿಕೆಯನ್ನು ಇಲಿಗಳು ತಿಂದವು. ಉಳಿದದ್ದು ಮುಟ್ಟಿದರೆ ರಸ್ಕಿನಂತೆ ಉದುರುತ್ತಿತ್ತು. ಕೆಂಪು, ಹಸಿರು, ಹಳದಿ ಎಲ್ಲವೂ ಟೀ ಬಣ್ಣಕ್ಕೆ ತಿರುಗಿದ್ದವು.

ಇಂಥ ಕಾರುಗಳಿಗೆ ಜೀವ ತರುವ ಕರೆಂಟಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ರಿಪೇರಿಯಾದ ಗಾಡಿಯನ್ನು ಹೊರಗೆ ತೆಗೆಯಲೂ ಇನ್ನೊಬ್ಬರನ್ನು ಕೂಗಬೇಕು. "ಡಾಕ್ಟರು ನೀನೇ, ಆದ್ರೆ ಪೇಷಂಟು ಓಡೋದು ಬೇರೆಯವರ ಜೊತೆ" ಎಂದು ವರ್ಕ್‌ಶಾಪಿನಲ್ಲಿ ಆಡಿಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ. ಮೀಸೆ ಮೂಡುವ ವಯಸ್ಸಿನಲ್ಲಿ ಇದೇ ಕಾರಿನಲ್ಲಿ, ಇದೇ ದೊಡ್ಡಮ್ಮನ ಹತ್ತಿರ ಕಲಿಯಲು ಹೋಗಿದ್ದ. ಮೂರನೇ ಗೇರಿಗೆ ಬಂದರೆ ಸಾಕು, ಎಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು. "ಕ್ಲಚ್ಚು ಕಣೋ, ನಿನ್ನ ಕಾಲಿಗೆ ಕ್ಲಚ್ಚು ಒಲಿಯಲ್ಲ" ಎನ್ನುತ್ತಿದ್ದಳು ದೊಡ್ಡಮ್ಮ. ಕಡೆಗೆ ಅವನೂ ಒಪ್ಪಿಕೊಂಡ. ಕೆಲವರ ಗಂಟಲಿಗೆ ಹಾಡು ಬರುವುದಿಲ್ಲವಲ್ಲ, ಹಾಗೆ. ಆದರೂ ರಸ್ತೆಯಲ್ಲಿ ಯಾರಾದರೂ ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿಕೊಂಡು ಹೋದರೆ, ಅವರು ಕಣ್ಮರೆಯಾಗುವ ತನಕ ನೋಡುತ್ತ ನಿಲ್ಲುತ್ತಿದ್ದ.

ಮಧ್ಯಾಹ್ನ ಅವನ ಹೆಂಡತಿ ಟೀ ಫ್ಲಾಸ್ಕು ಹಿಡಿದು ಬಂದಳು. ಅವಳು ಮಕ್ಕಳ ಸ್ಕೂಲ್ ವ್ಯಾನ್ ಓಡಿಸುವವಳು. ಅವಳೂ ಬ್ರೇಕಮ್ಮನ ಶಿಷ್ಯೆಯೇ. ಕಾರು ರಿಪೇರಿಯಾದರೆ ದೊಡ್ಡಮ್ಮನನ್ನು ಆಸ್ಪತ್ರೆಗೂ ಗೆಳತಿಯರ ಮನೆಗೂ ಕರೆದೊಯ್ಯುವುದು ಅವಳೇ ಎಂದು ಮಾತಾಗಿತ್ತು.

"ಎಲ್ಲಿಗೆ ಬಂತ್ರೀ ಜಡೆ ಹೆಣೆಯೋದು? ಹೂವು ಮುಡಿಸೋದೊಂದೇ ಬಾಕಿ ಅನ್ಸತ್ತೆ."

"ಮುಗೀತು. ಆದ್ರೆ ಇಲ್ಲೊಂದು ತಂತಿ ಹೆಚ್ಚಿದೆ. ಈ ಮಾಡೆಲ್ಲಿಗೆ ಇರೋದೇ ಅಲ್ಲ ಇದು. ಯಾವನೋ ತಲೆಕೆಟ್ಟವನು ಸೇರಿಸಿದಾನೆ. ಎಂಜಿನ್ನಿಗೆ ಕಿಡಿ ಕೊಡೋ ಕಾಯಿಲ್ ಹತ್ರದಿಂದ ಹೊರಟು ಪಕ್ಕದ ಸೀಟಿನ ಕೆಳಗೆ ಹೋಗಿದೆ. ಅಲ್ಲಿ ಕೂತವರಿಗೂ ಕಾಯಿಲ್ಲಿಗೂ ಏನು ಸಂಬಂಧ ಹೇಳು?"

ದಾರಕ್ಕೆ ಮೇಣ ಸವರುತ್ತಿದ್ದ ದೊಡ್ಡಮ್ಮನ ಕೈ ನಿಂತಿತು.

"ಕಿತ್ತು ಬಿಸಾಕು. ಅದೆಲ್ಲ ಈಗ ಯಾಕೆ?"

"ಏನಂತ ತಿಳ್ಕೊಳ್ದೆ ಹೇಗೆ ಬಿಸಾಕೋದು?"

"ಆಹಾ, ದೊಡ್ಡ ಪತ್ತೇದಾರ. ಟೀ ಆರ್ತಿದೆ, ಕುಡಿ."

ಅವನು ಕುಡಿಯಲಿಲ್ಲ. ಕಾರಿನೊಳಗೆ ಮಂಡಿಯೂರಿ, ಪಕ್ಕದ ಸೀಟಿನ ಅಡಿಗೆ ಟಾರ್ಚ್ ಬಿಟ್ಟ. ಕೂತವರ ಕೈ ತಾನಾಗಿ ಇಳಿಬೀಳುವ ಕಡೆ, ಮಡಿಸಿದ ರೆಕ್ಸಿನ್ನಿನ ಮರೆಯಲ್ಲಿ, ಮನೆಯ ಕರೆಗಂಟೆಗೆ ಹಾಕುವಂಥ ಒಂದು ಗುಂಡಿ. ಅದರ ಹಿತ್ತಾಳೆ ಒತ್ತಿ ಒತ್ತಿ ಬಟ್ಟಲಿನಂತೆ ತಗ್ಗಾಗಿತ್ತು. ಟೆಸ್ಟ್ ಬಲ್ಬು ತಂದು ಬ್ಯಾಟರಿಗೆ ಸೇರಿಸಿದ. ಗುಂಡಿ ಒತ್ತಿದರೆ ಬಲ್ಬು ಹತ್ತಿತು, ಬಿಟ್ಟರೆ ಆರಿತು.

ಅವನಿಗೆ ಅರ್ಥವಾಯಿತು. ಗುಂಡಿ ಒತ್ತಿದರೆ ಕಾಯಿಲ್ಲಿನ ಕರೆಂಟು ನೇರ ಕಾರಿನ ಮೈಗೆ ಇಳಿಯುತ್ತದೆ. ಕಿಡಿ ಹುಟ್ಟುವುದಿಲ್ಲ, ಎಂಜಿನ್ ಸಾಯುತ್ತದೆ. ಓಡಿಸುವವನು ಮಾತ್ರ ತಪ್ಪು ತನ್ನ ಕಾಲಿನದು ಎಂದುಕೊಳ್ಳುತ್ತಾನೆ.

ಕಾರಿನಿಂದ ಹೊರಗೆ ಬಂದಾಗ ಅವನ ಹಣೆಗೆ ಗ್ರೀಸು ಮೆತ್ತಿತ್ತು.

"ದೊಡ್ಡಮ್ಮ, ಇದನ್ನ ಹಾಕಿದ್ದು ಯಾರು?"

"ನಿಮ್ಮ ದೊಡ್ಡಪ್ಪ. ಇದ್ದಾಗ ಹಾಕ್ಕೊಟ್ಟಿದ್ರು. ಬ್ರೇಕು ಅಂತ ಆಕ್ಸಿಲರೇಟರ್ ತುಳಿಯೋ ಮಹಾನುಭಾವರು ಬರ್ತಾರಲ್ಲ, ಅವರಿಗೆ."

"ನನಗೂ ಒತ್ತಿದ್ರಾ?" ಹೆಂಡತಿ ಕಣ್ಣರಳಿಸಿ ಕೇಳಿದಳು.

"ನಿನಗೆ ಒಂದೇ ಸಲ ಕಣೇ. ಹಾಲಿನ ವ್ಯಾನನ್ನ ಅಪ್ಕೊಳ್ಳೋಕೆ ಹೋಗಿದ್ದೆಯಲ್ಲ, ಆವಾಗ."

"ಮತ್ತೆ ಇವರಿಗೆ?"

ದೊಡ್ಡಮ್ಮನ ಮಡಿಲಿನಿಂದ ದಾರದ ಉಂಡೆ ಜಾರಿ ನೆಲದ ಮೇಲೆ ಉರುಳಿತು, ಯಾರೂ ಎತ್ತಲಿಲ್ಲ.

"ಪ್ರತಿಸಲಾನಾ?" ಎಂದ ಕರೆಂಟು.

"ಮೂರನೇ ಗೇರಿಗೆ ಬಂದಾಗ."

"ನಿನ್ನ ಕಾಲ ಹತ್ರ ಬ್ರೇಕಿತ್ತಲ್ಲ ದೊಡ್ಡಮ್ಮ. ಅದನ್ನ ತುಳೀಬಹುದಿತ್ತಲ್ಲ?"

"ತುಳಿದ್ರೆ ನಿನಗೆ ಗೊತ್ತಾಗ್ತಿತ್ತು. ನನ್ನ ಮೇಲೆ ಕೋಪ ಮಾಡ್ಕೊಂಡು ಬೇರೆ ಕಡೆ ಕಲಿಯೋಕೆ ಹೋಗ್ತಿದ್ದೆ." ಅವಳು ಸೆರಗಿನ ತುದಿಯಿಂದ ಬೆರಳಿನ ಮೇಣ ಒರೆಸಿಕೊಂಡಳು. ಅದು ಹೋಗಲಿಲ್ಲ. "ನಿಮ್ಮಮ್ಮ ಆಸ್ಪತ್ರೇಲಿ ನಿನ್ನ ಕೈಯನ್ನ ನನ್ನ ಕೈಯಲ್ಲಿಟ್ಟು, ಅಕ್ಕಾ ಜೋಪಾನ ಅಂದ್ಬಿಟ್ಲು. ಅಷ್ಟೇ ಅಂದದ್ದು. ಹೇಗೆ, ಎಲ್ಲೀ ತನಕ ಅಂತ ಹೇಳಿದ್ಳಾ? ಇಲ್ಲ. ಊರವರ ಮಕ್ಕಳು ಗಾಳಿ ಥರ ಓಡಿಸಿದ್ರೂ ನನಗೆ ಏನೂ ಅನ್ನಿಸ್ತಿರಲಿಲ್ಲ ಮರಿ. ನೀನು ಮೂರನೇ ಗೇರ್ ಹಾಕಿದ್ರೆ ಮಾತ್ರ ಕೈ ತಾನೇ ಹೋಗಿ ಒತ್ತಿಬಿಡೋದು."

ಕರೆಂಟು ಬಾಗಿಲ ಹಲಗೆಯ ಕಡೆ ತಿರುಗಿ, ಈಗಾಗಲೇ ಸರಿಯಾಗಿಯೇ ಇದ್ದ ತಂತಿಯ ತುದಿಗಳನ್ನು ಮತ್ತೆ ಮತ್ತೆ ಕತ್ತರಿಸತೊಡಗಿದ. ಹೆಂಡತಿ ಟೀ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಅವನು ಕುಡಿದ.

"ಸಿಟ್ಟು ಬಂತೇನೋ?"

"ನನ್ನ ಕಾಲನ್ನ ಎಷ್ಟು ಬೈದಿದೀನಿ ಗೊತ್ತಾ ದೊಡ್ಡಮ್ಮ."

"ಕಾಲಿಗೆ ನಾನೇ ಕ್ಷಮೆ ಕೇಳ್ತೀನಿ. ಇತ್ತ ಚಾಚು."

ಹೆಂಡತಿ ಫ್ಲಾಸ್ಕು ಹಿಡಿದೇ ನಕ್ಕುಬಿಟ್ಟಳು. ಅವನು ನಗಲಿಲ್ಲ, ಆದರೆ ಕತ್ತರಿ ಕೆಳಗಿಟ್ಟ. ಬಗ್ಗಿ ದಾರದ ಉಂಡೆ ಎತ್ತಿ ದೊಡ್ಡಮ್ಮನ ಮಡಿಲಿಗೆ ಹಾಕಿದ.

ಮರುದಿನ ಹೊಸ ಜಡೆಯನ್ನು ಕಾರಿನೊಳಗೆ ಸೇರಿಸಿದ. ಡೈನಮೋ, ಹಾರ್ನು, ವೈಪರು, ದೀಪಗಳು, ಎಲ್ಲಕ್ಕೂ ಅವುಗಳ ತಂತಿ ಮುಟ್ಟಿಸಿದ. ಫ್ಯೂಸ್ ಹಾಕುವ ಮುಂಚೆ ಎಲ್ಲವನ್ನೂ ಒಮ್ಮೆ ಬಲ್ಬು ಹಿಡಿದು ನೋಡಿದ. ಎಂಜಿನ್ ಹೊತ್ತಿಕೊಂಡಾಗ ಅಕ್ಕಪಕ್ಕದ ಮನೆಯವರು ಕಿಟಕಿಗೆ ಬಂದರು. ದೊಡ್ಡಮ್ಮ ಮೆಲ್ಲಗೆ ಕಾರಿನ ಸುತ್ತ ನಡೆದು, ಪಕ್ಕದ ಸೀಟಿನ ಹತ್ತಿರ ನಿಂತಳು. ಅಲ್ಲಿ, ಬಾಗಿಲ ಹಿಡಿಯ ಪಕ್ಕದಲ್ಲಿ, ಕಣ್ಣಿಗೆ ಕಾಣುವ ಹಾಗೆ, ಹೊಚ್ಚಹೊಸ ಕೆಂಪು ಗುಂಡಿಯೊಂದಿತ್ತು.

"ಇದೇನೋ ಇದು? ಕಿತ್ತು ಹಾಕಿದೀಯ ಅಂದ್ಕೊಂಡಿದ್ದೆ."

"ಸೀಟಿನಡಿ ತಡಕಿ ಕದ್ದು ಒತ್ತೋದು ಬೇಡ ಇನ್ಮೇಲೆ. ಅದಕ್ಕೇ ಮೇಲೆ ಹಾಕಿದೀನಿ. ಭಯ ಆದ್ರೆ ಒತ್ತು. ಆದ್ರೆ ಹೇಳಿ ಒತ್ತು."

"ಯಾರು ಓಡಿಸೋರು?"

"ನೀನು ಕೂತ್ಕೋ."

ಹೆಂಡತಿ ತನ್ನ ವ್ಯಾನಿನಿಂದ ಹುಡುಕಿ ತಂದ ಕಲಿಯುವವರ 'ಎಲ್' ಹಲಗೆಯನ್ನು ಹಿಂದಿನ ಬಂಪರಿಗೆ ಕಟ್ಟಿದಳು. "ತಲೆ ನರೆತ ಮೇಲೆ ಒಳ್ಳೇ ಸ್ಟೂಡೆಂಟ್ ಸಿಕ್ಕಿದಾರೆ ದೊಡ್ಡಮ್ಮ. ಕಿವಿ ಹಿಂಡಿ ಕಲಿಸಿ."

ಕಾರು ಗೇಟು ದಾಟಿತು. ಒಂದನೇ ಗೇರು, ಎರಡನೇ ಗೇರು. ಔಷಧದಂಗಡಿ, ಅಂಚೆ ಡಬ್ಬಿ, ಉದ್ಯಾನದ ಕಬ್ಬಿಣದ ಬೇಲಿ ಹಿಂದಕ್ಕೆ ಸರಿದವು. ದೊಡ್ಡಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಹೆಣೆದುಕೊಂಡಿದ್ದಳು, ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ. ಅವನು ಉಸಿರು ಬಿಗಿಹಿಡಿದು ಮೂರನೇ ಗೇರಿಗೆ ತಂದ. ಕಾರು ಒಮ್ಮೆ ಜಗ್ಗಿ, ಕೆಮ್ಮಿ, ನಡುರಸ್ತೆಯಲ್ಲಿ ನಿಂತುಬಿಟ್ಟಿತು.

ಅವನು ತಲೆ ತಿರುಗಿಸಿ ನೋಡಿದ.

ದೊಡ್ಡಮ್ಮ ಎರಡೂ ಕೈ ಮೇಲೆತ್ತಿದ್ದಳು. "ನಾನಲ್ಲಪ್ಪ! ಆಣೆ ಮಾಡಿ ಹೇಳ್ತೀನಿ, ನಾನಲ್ಲ! ನೋಡು ಕೈ!"

"ಹಾಗಾದ್ರೆ ನಾನೇನಾ?"

"ನೀನೇ! ಎಷ್ಟು ಬೇಗ ಬಿಟ್ಟೆ ಕ್ಲಚ್ಚನ್ನ, ಬಿಸಿ ಪಾತ್ರೆ ಬಿಟ್ಟ ಹಾಗೆ!"

ಅವನಿಗೆ ನಗು ಉಕ್ಕಿ ಬಂತು. ಸ್ಟಿಯರಿಂಗಿಗೆ ಹಣೆ ಹಚ್ಚಿ ನಕ್ಕ. ತನ್ನದೇ ಕಾಲು, ತನ್ನದೇ ತಪ್ಪು. ಹಿಂದಿನಿಂದ ಯಾರೋ ಹಾರ್ನ್ ಬಾರಿಸಿದರು. ದೊಡ್ಡಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಳೆಯ ಗಂಟಲಿನಲ್ಲೇ ಕೂಗಿದಳು: "ತಾಳಯ್ಯ, ಹುಡುಗ ಕಲೀತಿದಾನೆ!" ಆಮೇಲೆ ಒಳಗೆ ತಿರುಗಿ, "ಇನ್ನೊಂದ್ಸಲ. ಮೆತ್ತಗೆ ಬಿಡು, ಮಲಗಿರೋ ಮಗುವಿನ ಕೆಳಗಿಂದ ಕೈ ತೆಗೆಯೋ ಹಾಗೆ" ಎಂದಳು.

"ಒತ್ತಲ್ಲ ತಾನೆ?"

"ರಸ್ತೆ ನೋಡೋ."

ಈ ಸಲ ಕಾರು ಕೆಮ್ಮಲಿಲ್ಲ. ಮೂರನೇ ಗೇರು ಬೆಣ್ಣೆಯಂತೆ ಬಿತ್ತು. ಉದ್ಯಾನ ಸುತ್ತಿ, ಸೇತುವೆ ದಾಟಿ, ನದಿಯ ಪಕ್ಕದ ನೇರ ರಸ್ತೆ ಹಿಡಿದಾಗ ಪಕ್ಕದಿಂದ ಸೂಚನೆಗಳು ಬರುವುದು ನಿಂತಿತು. ಅವನು ಓರೆಗಣ್ಣಿನಲ್ಲಿ ನೋಡಿದ. ದೊಡ್ಡಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಬಾಯಿ ಅರೆ ತೆರೆದಿತ್ತು, ಕೈಗಳು ತೊಡೆಯ ಮೇಲೆ ಸಡಿಲವಾಗಿ ಬಿದ್ದಿದ್ದವು. ನಿದ್ದೆ ಹೋಗಿದ್ದಳು.

ಗೇಟಿನ ಹತ್ತಿರ ಹೆಂಡತಿ ಕಾದು ನಿಂತಿದ್ದಳು. ಅವನು ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ವೇಗ ತಗ್ಗಿಸದೆ, ಮನೆಯನ್ನು ದಾಟಿ ಇನ್ನೊಂದು ಸುತ್ತಿಗೆ ಹೊರಟ.