ಸೆಂಟ್ರಿಂಗ್ ಬಿಚ್ಚಿದ ದಿನ

ಸರ್ ಡೆನ್ಜಿಲ್ ಹಾರ್ಗ್ರೇವ್ ದೊಡ್ಡ ಆರ್ಕಿಟೆಕ್ಟ್. ಅಲ್ಲವೆಂದವರು ಯಾರು? ಇಂಗ್ಲೆಂಡಿನಲ್ಲಿ ಗಾರೆಯವನ ಮಗನಾಗಿ ಹುಟ್ಟಿ, ಮೂವತ್ತಕ್ಕೇ ಹೆಸರು ಮಾಡಿ, ಬಿರುದು ಗಿಟ್ಟಿಸಿ, 2001ರಲ್ಲಿ ಲಾಸ್ ಏಂಜಲೀಸ್‌ಗೆ ಬಂದು ಆಫೀಸು ತೆರೆದ. ನಾನು ಮೈಸೂರಿನ ತಸ್ನೀಮ್, ಆ ಆಫೀಸಿನಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಅವನು ಚೆಂದಕ್ಕೆ ಗೀಚುತ್ತಿದ್ದ. ಅದು ಬೀಳದ ಹಾಗೆ ನೋಡಿಕೊಳ್ಳುವ ಕರ್ಮ ನನ್ನದು.

ಕೋಪ ಬಂದರೆ ಊರುಗೋಲಿನಿಂದ ಕಟ್ಟಡದ ಮಾಡೆಲ್‌ಗಳನ್ನು ಪುಡಿಪುಡಿ ಮಾಡುತ್ತಿದ್ದ. ಒಮ್ಮೆ ಚೂರು ಸಿಡಿದು ನನ್ನ ಹುಬ್ಬು ಸೀಳಿತು. "ರಕ್ತ ನಕ್ಷೆ ಮೇಲೆ ಬೀಳದಿರಲಿ" ಎಂದ, ಮಹಾನುಭಾವ!

ಇನ್ನೊಂದು ಶೋಕಿಯಿತ್ತು. ಹೊಸ ಚಾವಣಿಯ ಸೆಂಟ್ರಿಂಗ್ ಬಿಚ್ಚುವಾಗ, ಅಂದರೆ ಹಸಿ ಕಾಂಕ್ರೀಟನ್ನು ಹೊತ್ತ ಆಸರೆ ಕಂಬಗಳನ್ನು ಹೊಡೆದು ತೆಗೆಯುವಾಗ, ತಾನೇ ಅದರ ಕೆಳಗೆ ಕುರ್ಚಿ ಹಾಕಿ ಕೂರುತ್ತಿದ್ದ. ಎಂಥ ಧೈರ್ಯ ಎಂದು ಪತ್ರಿಕೆಯವರು ಫೋಟೊ ಹಾಕುತ್ತಿದ್ದರು. ಕಂಬ ಹೊಡೆಯುವ ಕೂಲಿಯವರೂ ಅದೇ ಚಾವಣಿಯ ಕೆಳಗಿರುತ್ತಾರೆಂದು ಒಬ್ಬನೂ ಬರೆಯಲಿಲ್ಲ.

2007ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಅವನದೊಂದು ಸಂಗೀತ ಮಂದಿರ ಏಳುತ್ತಿತ್ತು. ಅಲ್ಲಿ ಸೈಟ್ ಇಂಜಿನಿಯರ್ ನನ್ನ ತಮ್ಮ ಶಹಬಾಜ್. ಕೆಲಸ ಕೊಡಿಸಿದವಳು ನಾನೇ. ಆ ಚಾವಣಿಯ ಕಾಂಕ್ರೀಟಿನ ತುಂಡುಗಳನ್ನು ಲ್ಯಾಬಿನಲ್ಲಿ ಒತ್ತಿದರೆ ತಡೆಯಬೇಕಾದ ಭಾರದ ಅರ್ಧಕ್ಕೇ ಸಿಡಿದವು. "ಇನ್ನೊಂದು ತಿಂಗಳು ಗಟ್ಟಿಯಾಗಲಿ ಸರ್" ಎಂದೆ. ಫೋಟೊಗ್ರಾಫರ್‌ಗಳು ನಾಳೆಯೇ ಬರುತ್ತಾರೆ ಎಂದ. ಆಫೀಸಿನಲ್ಲಿ ಯಾರೂ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶಹಬಾಜ್‌ಗೆ ಫೋನ್ ಮಾಡಿದೆ.

"ಸುಮ್ನೆ ಹೆದರಿಸ್ಬೇಡ ಆಪಾ. ಸರ್ರೇ ಕೆಳಗೆ ಕೂರ್ತಾರೆ."

"ಅವ್ನಿಗೆ ಎಪ್ಪತ್ತಾಯ್ತು ಕಣೋ! ನಿಂಗೆ ಇಪ್ಪತ್ತಾರು!"

ಫೋನ್ ಇಟ್ಟುಬಿಟ್ಟ. ಮರುದಿನ ನಾನೇ ಡ್ರೈವ್ ಮಾಡಿಕೊಂಡು ಹೋದೆ.

ಮುದುಕ ಕುರ್ಚಿಯಲ್ಲಿದ್ದ. ಮೊದಲ ಸಾಲಿನ ಕಂಬಗಳು ಬಿದ್ದಿದ್ದವು. ಮೇಲೆ ಏನೋ ಚಟಾರೆಂದಿತು. ಶಹಬಾಜ್‌ನ ತಲೆಯ ಮೇಲೆ ಬಿಳಿ ಧೂಳು ಉದುರಿತು. ಗಂಟಲು ಹರಿಯುವಂತೆ ಕೂಗಿದೆ. ಒಬ್ಬನೂ ಕದಲಲಿಲ್ಲ. ಮುಂದಿನ ಸಾಲು ಹೊಡೆಯಲು ಮುದುಕ ಊರುಗೋಲು ಎತ್ತಿ ಸನ್ನೆ ಮಾಡಿದ. ನೆಲದ ಮೇಲಿದ್ದ ಕಬ್ಬಿಣದ ಸರಳನ್ನು ಎತ್ತಿ ಅವನ ಮೊಣಕಾಲಿಗೆ ಬಾರಿಸಿದೆ. ಮೂಳೆ ಲಟಕ್ಕೆಂದಿತು. ಇನ್ನೊಂದು ಬಾರಿಸಿದೆ. ಎರಡನೆಯ ಏಟು ಬೇಕಿರಲಿಲ್ಲ ಎಂದು ಆಮೇಲೆ ಲಾಯರ್ ಹೇಳಿದ. ನನಗೆ ಬೇಕಿತ್ತು.

ಚೀರಾಡುವ ಅವನನ್ನು ಹೊತ್ತುಕೊಂಡು ಎಲ್ಲರೂ ಹೊರಗೋಡಿದರು, ಶಹಬಾಜ್ ಕೂಡ. ಸೈಟಿನ ಸೆಕ್ಯುರಿಟಿಯವರು ನನ್ನ ಮುಖವನ್ನು ಜಲ್ಲಿಗೆ ಅದುಮಿದರು. ಒಂದು ಹಲ್ಲು ಅಲ್ಲೇ ಹೋಯಿತು.

ಜೈಲಾಯಿತು, ಲೈಸೆನ್ಸ್ ಹೋಯಿತು. ಎರಡು ತಿಂಗಳ ಮೇಲೆ ಮುದುಕ ವೀಲ್‌ಚೇರಿನಲ್ಲಿ ಅದೇ ಚಾವಣಿಯ ಕೆಳಗೆ ಕೂತು ಉಳಿದ ಕಂಬಗಳನ್ನು ತೆಗೆಸಿದ. ಚಾವಣಿ ನಿಂತಿತು. ನಿಲ್ಲದೆ ಏನು! ಅಷ್ಟರಲ್ಲಿ ಕಾಂಕ್ರೀಟು ಗಟ್ಟಿಯಾಗಿತ್ತು. ಆದರೆ ಊರೆಲ್ಲ ನನ್ನನ್ನೇ ಹುಚ್ಚಿ ಎಂದಿತು.

ಬಿಡುಗಡೆಯಾದ ಮೇಲಿನ ಮೊದಲ ಬಕ್ರೀದ್‌ಗೆ ಶಹಬಾಜ್ ಲಾಸ್ ಏಂಜಲೀಸ್ ಪಕ್ಕದ ಆರ್ಟೀಸಿಯಾದ ನಮ್ಮ ಮನೆಗೆ ಬಂದ. ಎರಡು ತುತ್ತು ತಿನ್ನುವಷ್ಟರಲ್ಲಿ ತಟ್ಟೆ ಎತ್ತಿ ಗೋಡೆಗೆ ಅಪ್ಪಳಿಸಿದ.

"ಅದು ಬೀಳ್ತಿರ್ಲಿಲ್ಲ! ಸುಮ್ನೆ ಮುದುಕನ ಕಾಲು ಮುರ್ದೆ, ನನ್ನ ಕೆಲ್ಸನೂ ತಿಂದೆ. ಇನ್ಮೇಲೆ ನಂಗೆ ಅಕ್ಕನೇ ಇಲ್ಲ!"

ಬಾಗಿಲು ದಢಾರನೆ ಹಾಕಿಕೊಂಡು ಹೋದ. ಗೋಡೆಯಿಂದ ಬಿರಿಯಾನಿ ಇಳಿಯುತ್ತಿತ್ತು. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೂ ಕಿಟಕಿಗೆ ಓಡಿ, ಅವನು ನನ್ನನ್ನು ಬೈಯುತ್ತಲೇ, ಮೈಗೊಂದು ಗೀರೂ ಇಲ್ಲದೆ, ಕಾರಿನತ್ತ ದಾಪುಗಾಲು ಹಾಕುವುದನ್ನು ಕಣ್ತುಂಬ ನೋಡಿದೆ.